ಹನಿಯ ಅಳತೆ: ಸುಗಂಧ ಚಿಕಿತ್ಸೆ ಮತ್ತು ಸಾರತೈಲಗಳ ಬಳಕೆ



ಕನ್ನಡದಲ್ಲಿ ‘ಎಣ್ಣೆ’ ಎಂಬ ಒಂದೇ ಮಾತು ಎರಡು ಬೇರೆ ಬೇರೆ ವಸ್ತುಗಳಿಗೆ ಹೆಸರಾಗಿದೆ. ಎಳ್ಳನ್ನೋ ಕೊಬ್ಬರಿಯನ್ನೋ ಗಾಣಕ್ಕೆ ಹಾಕಿ ಹಿಂಡಿದರೆ ಬರುವುದು ಎಣ್ಣೆ. ನೀಲಗಿರಿ ಎಲೆಯನ್ನೋ ಗಂಧದ ಚಕ್ಕೆಯನ್ನೋ ಹಬೆಗೆ ಒಡ್ಡಿ ಬಟ್ಟಿ ಇಳಿಸಿದರೆ ಬರುವುದೂ ಎಣ್ಣೆಯೇ. ಮೊದಲನೆಯದು ಕೊಬ್ಬು, ಅನ್ನಕ್ಕೆ ಕಲಸಬಹುದು, ತಲೆಗೆ ತಟ್ಟಬಹುದು, ಮಗುವಿನ ಮೈಗೆ ಕೈತುಂಬ ಬಳಿಯಬಹುದು. ಎರಡನೆಯದು ಸಾರತೈಲ, ಅದರಲ್ಲಿ ಕೊಬ್ಬಿನ ಅಂಶವೇ ಇಲ್ಲ. ಅದು ಗಾಳಿಗೆ ಹಾರಿಹೋಗುವ ಸಣ್ಣ ಸಣ್ಣ ಅಣುಗಳ ಮಿಶ್ರಣ. ಒಂದು ತೊಟ್ಟು ಕಾಗದದ ಮೇಲೆ ಬಿದ್ದರೆ ಕೊಬ್ಬರಿ ಎಣ್ಣೆ ಜಿಡ್ಡಿನ ಕಲೆಯಾಗಿ ಉಳಿಯುತ್ತದೆ; ನೀಲಗಿರಿ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಆರಿಹೋಗುತ್ತದೆ. ಕಾಗದ ತೋರಿಸುವ ಈ ವ್ಯತ್ಯಾಸವನ್ನು ನಮ್ಮ ಮಾತು ಮರೆಸುತ್ತದೆ. ಹೆಸರು ಒಂದೇ ಆದ್ದರಿಂದ ಕೈಯ ಅಭ್ಯಾಸವೂ ಒಂದೇ ಆಗುತ್ತದೆ. ಹಚ್ಚೆಣ್ಣೆಯನ್ನು ಸುರಿಯುವ ಅಂದಾಜಿನಲ್ಲೇ ಸಾರತೈಲವನ್ನೂ ಸುರಿಯುತ್ತೇವೆ. ಇಂದು ‘ಅರೋಮಾಥೆರಪಿ’ ಎಂಬ ಹೆಸರಿನಲ್ಲಿ ಅಂಗಡಿಗಳನ್ನೂ ಮನೆಗಳನ್ನೂ ತುಂಬಿಕೊಳ್ಳುತ್ತಿರುವ ಪುಟ್ಟ ಸೀಸೆಗಳ ಬಗ್ಗೆ ಮಾತನಾಡುವಾಗ ನಾನು ಹಿಡಿಯುವ ಎಳೆ ಇದೇ. ಸಾರತೈಲ ನಿಜವಾಗಿಯೂ ಕೆಲಸ ಮಾಡುವ ವಸ್ತು. ಹಾಗಾಗಿಯೇ ಅದಕ್ಕೆ ಅಳತೆ ಬೇಕು. ರೋಗ ವಾಸಿಮಾಡುವಷ್ಟು ಬಲವಿದೆ ಎಂದು ಒಂದು ಬಾಯಿಯಲ್ಲಿ ಹೇಳಿ, ನೈಸರ್ಗಿಕವಾದ್ದರಿಂದ ಏನೂ ಮಾಡುವುದಿಲ್ಲ ಎಂದು ಅದೇ ಬಾಯಿಯಲ್ಲಿ ಹೇಳಲು ಬರುವುದಿಲ್ಲ.

ಬಟ್ಟಿ ಇಳಿಸುವಾಗ ನಡೆಯುವುದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗಿಡದ ಎಲೆ, ಹೂ, ತೊಗಟೆ, ಬೇರುಗಳ ಸೂಕ್ಷ್ಮ ಕೋಶಗಳಲ್ಲಿ ಈ ಪರಿಮಳದ ಅಣುಗಳು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ಹಬೆ ಹಾಯಿಸಿದಾಗ ಅವು ಆವಿಯೊಂದಿಗೆ ಹೊರಟು, ತಣ್ಣಗಾದ ಮೇಲೆ ನೀರಿನಿಂದ ಬೇರ್ಪಟ್ಟು ಹೆಚ್ಚಾಗಿ ಮೇಲೆ ತೇಲುತ್ತವೆ. ಒಂದು ಕಿಲೋ ಗುಲಾಬಿ ಎಣ್ಣೆಗೆ 3 ಸಾವಿರ ಕಿಲೋಗೂ ಹೆಚ್ಚು ಪಕಳೆ ಬೇಕು. ಹೀಗೆ ರಾಶಿಯನ್ನು ತೊಟ್ಟಿಗೆ ಇಳಿಸುವ ಕ್ರಿಯೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಇದ್ದದ್ದು ನೂರಾರು ಪಟ್ಟು ಗಾಢವಾಗುತ್ತದೆ; ಜೊತೆಗೆ, ಆವಿಯಾಗಲಾರದ್ದೆಲ್ಲ ಹಂಡೆಯಲ್ಲೇ ಉಳಿದುಬಿಡುತ್ತದೆ. ಈ ಎರಡನೆಯದನ್ನು ಮಾರುವವರು ಹೇಳುವುದೇ ಇಲ್ಲ. ಅರಿಶಿನದ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಹೆಚ್ಚಿನವು ಕರ್ಕ್ಯುಮಿನ್ ಎಂಬ ಹಳದಿ ವಸ್ತುವಿಗೆ ಸಂಬಂಧಿಸಿದವು. ಹಬೆಯಲ್ಲಿ ಇಳಿಸಿದ ಅರಿಶಿನದ ಎಣ್ಣೆಗೆ ಆ ವಸ್ತು ಬರುವುದಿಲ್ಲ. ಧೂಪದ ಅಂಟಿನಲ್ಲಿ ಉರಿಯೂತ ತಗ್ಗಿಸುತ್ತವೆಂದು ಹೆಸರಾದ ಬೊಸ್ವೆಲಿಕ್ ಆಮ್ಲಗಳು ಧೂಪದ ಸಾರತೈಲದಲ್ಲಿ ಇಲ್ಲವೆಂದೇ ಹೇಳಬೇಕು. ಅಂದರೆ ಗಿಡ ಗಳಿಸಿದ ಕೀರ್ತಿಯನ್ನು ಅದರ ಎಣ್ಣೆಯ ಲೆಕ್ಕಕ್ಕೆ ಹಾಕುವಂತಿಲ್ಲ. ಕೆಲವೊಮ್ಮೆ ಹಂಡೆಯೇ ಹೊಸ ವಸ್ತುವನ್ನು ಹುಟ್ಟಿಸುವುದೂ ಉಂಟು. ಕ್ಯಾಮೊಮೈಲ್ ಹೂವಿನ ಎಣ್ಣೆಯ ಕಡುನೀಲಿ ಬಣ್ಣ ಹೂವಿನಲ್ಲಿ ಇರುವುದಿಲ್ಲ, ಅದು ಬಟ್ಟಿಯ ಬಿಸಿಯಲ್ಲಿ ಮೂಡುತ್ತದೆ. ಗಿಡ ಒಂದು, ಅದರ ಕಷಾಯ ಇನ್ನೊಂದು, ಅದರ ಸಾರತೈಲ ಮತ್ತೊಂದು. ತುಳಸಿ ಎಲೆ ಅಗಿಯುವ ಮನೆಯಲ್ಲಿ ತುಳಸಿ ಎಣ್ಣೆಯನ್ನು ನಾಲಿಗೆಗೆ ಹನಿಸಿಕೊಳ್ಳುವುದು ಹಳೆಯ ಪದ್ಧತಿಯ ಮುಂದುವರಿಕೆಯೆಂದು ನನಗೆ ಅನ್ನಿಸುವುದಿಲ್ಲ.

‘ಅರೋಮಾಥೆರಪಿ’ ಎಂಬ ಹೆಸರು ನಾವು ಭಾವಿಸುವಷ್ಟು ಪುರಾತನವಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮೋರಿಸ್ ಗಟ್‌ಫೊಸೆ 1937ರಲ್ಲಿ ಅದೇ ಹೆಸರಿನ ಪುಸ್ತಕ ಪ್ರಕಟಿಸಿದರು. 1910ರಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ಅವರ ಕೈಗಳು ಸುಟ್ಟವು. ಉರಿ ತಾಳಲಾರದೆ ಪಕ್ಕದಲ್ಲಿದ್ದ ಲ್ಯಾವೆಂಡರ್ ತೊಟ್ಟಿಗೆ ಕೈ ಅದ್ದಿದರು, ಕಲೆಯೂ ಉಳಿಯದೆ ಮಾಯಿತು ಎಂಬ ಕಥೆ ಲೋಕದ ತುಂಬ ಓಡಾಡುತ್ತಿದೆ. ಅವರೇ ಬರೆದದ್ದು ಬೇರೆ: ಗಾಯಕ್ಕೆ ಕೊಳೆಯುವ ಸೋಂಕು ತಗುಲಿದ ಮೇಲೆ ಲ್ಯಾವೆಂಡರ್ ಸಾರದಿಂದ ತೊಳೆದದ್ದು, ಸೋಂಕು ನಿಂತದ್ದು. ಪೆನಿಸಿಲಿನ್ ಇನ್ನೂ ಹುಟ್ಟದ ಕಾಲದಲ್ಲಿ ಒಬ್ಬ ರಸಾಯನಶಾಸ್ತ್ರಜ್ಞ ಸೂಕ್ಷ್ಮಾಣುನಾಶಕವೊಂದನ್ನು ಹುಡುಕುತ್ತಿದ್ದ ಕಥೆ ಅದು. ಪವಾಡವಾಗಿ ಹೇಳಿದಾಗ ಅದರ ನಿಜವಾದ ಬೆಲೆ ಕಳೆದುಹೋಗುತ್ತದೆ. ಆಮೇಲೆ ಫ್ರೆಂಚ್ ಸೈನ್ಯದ ವೈದ್ಯ ಜಾನ್ ವಾಲ್ನೆ 1964ರಲ್ಲಿ ಇದೇ ವಿಷಯದ ಪುಸ್ತಕ ಬರೆದರು. ಇಂಗ್ಲೆಂಡಿನ ರಾಬರ್ಟ್ ಟಿಸರಾಂಡ್ 1977ರಲ್ಲಿ ಇಂಗ್ಲಿಷ್ ಓದುಗರಿಗೆ ಇದನ್ನು ಪರಿಚಯಿಸಿದರು. ಅದೇ ಟಿಸರಾಂಡ್ ಮುಂದೆ 1995ರಲ್ಲಿ ಸಾರತೈಲಗಳ ಸುರಕ್ಷತೆಯ ಬಗ್ಗೆಯೇ ದೊಡ್ಡ ಗ್ರಂಥವೊಂದರ ಸಹಲೇಖಕರಾದರು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ. ಈ ಕ್ಷೇತ್ರವನ್ನು ಪ್ರೀತಿಸಿದವರೇ ಅದರ ಅಪಾಯಗಳನ್ನೂ ಪಟ್ಟಿಮಾಡಿದರು. ಎಚ್ಚರಿಕೆ ಹೇಳುವವರೆಲ್ಲ ವಿರೋಧಿಗಳಲ್ಲ.

ನಮ್ಮದೇ ನೆಲದ ಎಣ್ಣೆಯೊಂದು ಈ ವಾದಕ್ಕೆ ಇನ್ನೂ ಹತ್ತಿರದ ಸಾಕ್ಷಿ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧದ ಮರ ಸಾಗಿಸುವುದು ನಿಂತಾಗ, ಮರದ ಬದಲು ಎಣ್ಣೆಯನ್ನೇ ತೆಗೆಯಬೇಕೆಂದು ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಬಟ್ಟಿಯ ವಿಧಾನ ರೂಪಿಸಿಕೊಟ್ಟರು. ಆ ಎಣ್ಣೆಗೆ ಹೊರದೇಶಗಳಲ್ಲಿ ಬೇಡಿಕೆ ಇದ್ದದ್ದು ಸಾಬೂನಿಗೆ, ಅತ್ತರಿಗೆ ಮಾತ್ರವಲ್ಲ. ಬ್ರಿಟಿಷ್ ಔಷಧಕೋಶದಲ್ಲಿ ಗಂಧದೆಣ್ಣೆಗೆ ಸ್ಥಾನವಿತ್ತು. ಗೊನೊರಿಯಾ ರೋಗಕ್ಕೆ ಅದನ್ನು ಇಷ್ಟು ಹನಿ ಎಂದು ಗೊತ್ತುಮಾಡಿ, ಕ್ಯಾಪ್ಸೂಲಿನಲ್ಲಿ ನುಂಗಿಸುತ್ತಿದ್ದರು. ಸಲ್ಫಾ ಔಷಧಗಳು, ಪೆನಿಸಿಲಿನ್ ಬಂದ ಮೇಲೆ ಆ ಉಪಯೋಗ ಮರೆಯಾಯಿತು. ಇದರಲ್ಲಿ ಗಂಧಕ್ಕೆ ಅವಮಾನವೇನೂ ಇಲ್ಲ. ಔಷಧವಾಗಿದ್ದಷ್ಟು ದಿನ ಅದಕ್ಕೆ ಹೆಸರಾದ ರೋಗವಿತ್ತು, ಗೊತ್ತಾದ ಪ್ರಮಾಣವಿತ್ತು, ಉತ್ತಮವಾದದ್ದು ಬಂದಾಗ ಜಾಗ ಬಿಡುವ ಶಿಸ್ತೂ ಇತ್ತು. ಇಂದಿನ ಸೀಸೆಗಳಲ್ಲಿ ಈ ಮೂರೂ ಇರುವುದಿಲ್ಲ. ‘ಒತ್ತಡಕ್ಕೆ, ನಿದ್ರೆಗೆ, ರೋಗನಿರೋಧಕ ಶಕ್ತಿಗೆ’ ಎಂಬ ಅಂಚಿಲ್ಲದ ಮಾತುಗಳಿರುತ್ತವೆ.

ಹಾಗಾದರೆ ಪರಿಮಳ ಮನಸ್ಸಿನ ಮೇಲೆ ಮಾಡುವ ಪರಿಣಾಮ ಸುಳ್ಳೇ? ಖಂಡಿತ ಅಲ್ಲ. ಮೂಗಿನ ಮೇಲ್ಭಾಗದ ಒಂದು ಪುಟ್ಟ ಪೊರೆಯಲ್ಲಿ ವಾಸನೆಯ ಗ್ರಾಹಿಗಳಿವೆ. ಮನುಷ್ಯರಲ್ಲಿ ಸುಮಾರು 400 ಬಗೆ. ಈ ಗ್ರಾಹಿಗಳ ವಂಶವಾಹಿಗಳನ್ನು ಗುರುತಿಸಿದ್ದಕ್ಕೆ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಕಣ್ಣು, ಕಿವಿಗಳ ಸುದ್ದಿ ಮಿದುಳಿನ ನಡುವಣ ಒಂದು ನಿಲ್ದಾಣ ದಾಟಿ ಒಳಗೆ ಹೋದರೆ, ಮೂಗಿನ ಸುದ್ದಿ ಭಾವನೆ ಮತ್ತು ನೆನಪಿನ ಕೇಂದ್ರಗಳಿಗೆ ಬಹುಮಟ್ಟಿಗೆ ನೇರವಾಗಿ ಮುಟ್ಟುತ್ತದೆ. ದವನದ ಒಂದು ಎಸಳು ಮೂಗಿಗೆ ತಾಗಿದೊಡನೆ ತೇರು, ಜಾತ್ರೆ, ಗುಡಿಯ ಪ್ರಾಂಗಣ ಕಣ್ಣಮುಂದೆ ನಿಲ್ಲುವುದು ಈ ದಾರಿಯಿಂದಲೇ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಸುಗಂಧಗಳಿಗೆ ಸ್ಥಾನ ಕೊಟ್ಟದ್ದು ಭೋಗಗಳ ಸಾಲಿನಲ್ಲಿ. ಆ ವರ್ಗೀಕರಣ ನನಗೆ ಬಹಳ ವಿವೇಕದ್ದೆನಿಸುತ್ತದೆ. ಹಿತವನ್ನು ಹಿತವೆಂದೇ ಕರೆದರೆ ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಭೋಗವನ್ನು ದಾಟಿ ಚಿಕಿತ್ಸೆ ಎಂದೊಡನೆ ಪುರಾವೆಯ ಪ್ರಶ್ನೆ ಏಳುತ್ತದೆ. ಮೂಸುವ ಬಗೆಯನ್ನು ಮೊದಲು ನೋಡೋಣ. ಅಮೆರಿಕದ ಒಹಾಯೊದಲ್ಲಿ 56 ಮಂದಿ ಆರೋಗ್ಯವಂತರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬಹಳ ಎಚ್ಚರದಿಂದ ರೂಪಿಸಿದ್ದು. ನಿಂಬೆ ಎಣ್ಣೆ, ಲ್ಯಾವೆಂಡರ್, ಬರಿಯ ನೀರು, ಈ ಮೂರನ್ನು ಬೇರೆ ಬೇರೆ ದಿನ ಮೂಸಿಸಿದರು. ನಿಂಬೆಯ ವಾಸನೆಯಿಂದ ಮನಸ್ಸು ಗೆಲುವಾಯಿತು. ಮೊದಲೇ ನಂಬಿಕೆ ಇದ್ದವರಿಗೂ ಇಲ್ಲದವರಿಗೂ ಒಂದೇ ರೀತಿ. ಆದರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನಲ್ಲಿ, ನೋವು ತಾಳುವುದರಲ್ಲಿ, ಚರ್ಮ ಮಾಯುವುದರಲ್ಲಿ ಎರಡು ಎಣ್ಣೆಗಳೂ ಏನೂ ಬದಲಾವಣೆ ತರಲಿಲ್ಲ. ಗೆಲುವು ನಿಜ, ಅದು ಮೈಯ ರೋಗಕ್ಕೆ ಇಳಿಯಲಿಲ್ಲ ಎಂಬುದೂ ನಿಜ. ಮರೆವಿನ ಕಾಯಿಲೆಯ ಹಿರಿಯರಿಗೆ ಸುಗಂಧ ಚಿಕಿತ್ಸೆ ನೆರವಾಗುತ್ತದೆಯೇ ಎಂದು, ಚಿಕಿತ್ಸೆಗಳ ಪುರಾವೆಯನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2020ರಲ್ಲಿ 13 ಅಧ್ಯಯನಗಳ 708 ಮಂದಿಯ ಮಾಹಿತಿ ಒಟ್ಟುಗೂಡಿಸಿ ನೋಡಿತು. ನಂಬುವಂಥ ಪುರಾವೆ ಸಿಗಲಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಯ ವಿಷಯದಲ್ಲಂತೂ ಯೋಚಿಸಬೇಕಾದ ಫಲಿತಾಂಶ ಬಂದಿದೆ. ಅಲ್ಲಿ ಪುದೀನಾ ಎಣ್ಣೆಗಿಂತ ಗಟ್ಟಿಯಾದ ಪುರಾವೆ ದೊರೆತದ್ದು, ಇಂಜೆಕ್ಷನ್ ಕೊಡುವ ಮುನ್ನ ಚರ್ಮ ಒರೆಸುವ ಐಸೊಪ್ರೊಪೈಲ್ ಆಲ್ಕೋಹಾಲಿನ ಹತ್ತಿ ತುಂಡನ್ನು ಮೂಸುವುದಕ್ಕೆ. ಮೂಗಿನ ಮೂಲಕ ವಾಕರಿಕೆ ತಗ್ಗಬಹುದು, ಆದರೆ ಅದಕ್ಕೆ ‘ಸಸ್ಯದ ಚೈತನ್ಯ’ವೇ ಬೇಕೆಂದಿಲ್ಲ.

ಇನ್ನೊಂದು ಬಗೆಯ ಪುರಾವೆ ಹೆಚ್ಚು ಬಲವಾದದ್ದು, ನನ್ನ ವಾದಕ್ಕೆ ಅದೇ ಮುಖ್ಯ. ದೊಡ್ಡ ಕರುಳಿನ ಸೆಳೆತದಿಂದ ನರಳುವವರಿಗೆ ಪುದೀನಾ ಎಣ್ಣೆ ನೆರವಾಗುತ್ತದೆ. ಆದರೆ ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ತೆರೆದುಕೊಳ್ಳುವ ಕ್ಯಾಪ್ಸೂಲಿನ ರೂಪದಲ್ಲಿ. ಅದೇ ಎಣ್ಣೆಯನ್ನು ನೇರವಾಗಿ ಕುಡಿದರೆ ಎದೆಯುರಿ ಬರುತ್ತದೆ. ಆಸ್ಟ್ರೇಲಿಯದಲ್ಲಿ 124 ಮಂದಿಯ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 5 ಶೇಕಡಾ ಟೀ ಟ್ರೀ ಎಣ್ಣೆಯ ಜೆಲ್ ಮೊಡವೆಯನ್ನು ತಗ್ಗಿಸಿತು. ಮೊಡವೆಗೆ ಸಾಮಾನ್ಯವಾಗಿ ಬಳಸುವ ಬೆಂಜಾಯಿಲ್ ಪೆರಾಕ್ಸೈಡಿಗಿಂತ ನಿಧಾನವಾಗಿ, ಆದರೆ ಕಡಿಮೆ ಕಿರಿಕಿರಿಯೊಂದಿಗೆ. ಜರ್ಮನಿಯಲ್ಲಿ 80 ಮಿಲಿಗ್ರಾಂ ಲ್ಯಾವೆಂಡರ್ ಎಣ್ಣೆಯ ಕ್ಯಾಪ್ಸೂಲ್ ಆತಂಕಕ್ಕೆ ಔಷಧವಾಗಿ ಮಾರಾಟದಲ್ಲಿದೆ. ಅದನ್ನು ಆತಂಕ ತಗ್ಗಿಸುವ ಲೊರಾಜೆಪಾಮ್‌ನ ಅರ್ಧ ಮಿಲಿಗ್ರಾಂ ಮಾತ್ರೆಯೊಂದಿಗೆ ಹೋಲಿಸಿ ನೋಡಿದ್ದಾರೆ, ಫಲ ಹತ್ತಿರ ಹತ್ತಿರ ಬಂದಿದೆ. ಲ್ಯಾವೆಂಡರ್ ಕ್ಯಾಪ್ಸೂಲಿನ ಅಧ್ಯಯನಗಳಲ್ಲಿ ಹೆಚ್ಚಿನವು ತಯಾರಕರ ನಂಟಿನಲ್ಲಿ ನಡೆದವು ಎಂಬುದನ್ನು ಮರೆಯುವಂತಿಲ್ಲ. ಆದರೂ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲೆಲ್ಲಿ ಎಣ್ಣೆ ಗೆದ್ದಿದೆಯೋ ಅಲ್ಲೆಲ್ಲ ಶೇಕಡಾ ಇಷ್ಟು, ಮಿಲಿಗ್ರಾಂ ಇಷ್ಟು, ಈ ದಾರಿಯಿಂದ, ಈ ತೊಂದರೆಗೆ ಎಂಬ ಅಳತೆಯಿದೆ. ಈ ಫಲಿತಾಂಶಗಳನ್ನು ಉಲ್ಲೇಖಿಸಿ, ದೀಪದ ಮೇಲಿನ ಬಟ್ಟಲಿಗೆ ಹನಿಸುವ ಎಣ್ಣೆಯನ್ನು ಮಾರುವುದು ಒಬ್ಬರ ಅಂಕಪಟ್ಟಿ ತೋರಿಸಿ ಇನ್ನೊಬ್ಬರಿಗೆ ಕೆಲಸ ಕೇಳಿದಂತೆ.

ಪರಿಮಳವನ್ನು ಹೀಗೆ ಪ್ರಯೋಗದ ತಕ್ಕಡಿಗೆ ಹಾಕುವುದೇ ತಪ್ಪು, ವಾಸನೆಯನ್ನು ಮರೆಮಾಚಿ ಪರೀಕ್ಷೆ ಮಾಡಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಮಾತ್ರೆಯ ಹಾಗೆ ಖಾಲಿ ಪರಿಮಳವೊಂದನ್ನು ಸೃಷ್ಟಿಸುವುದು ಕಷ್ಟ, ಮೂಗಿಗೆ ಗೊತ್ತಾಗಿಬಿಡುತ್ತದೆ. ಆದರೆ ಹಾಗೆ ಗೊತ್ತಾಗುವುದರಿಂದ ಫಲಿತಾಂಶ ಎಣ್ಣೆಯ ಪರವಾಗಿ ವಾಲಬೇಕೇ ಹೊರತು ವಿರುದ್ಧವಾಗಿ ಅಲ್ಲ. ಅಷ್ಟು ಅನುಕೂಲವಿದ್ದೂ ಹಾರ್ಮೋನು ಕದಲದಿದ್ದರೆ ನಾವು ಆ ಉತ್ತರವನ್ನು ಒಪ್ಪಿಕೊಳ್ಳಬೇಕು. ಇನ್ನು, ಇದು ಸಾವಿರಾರು ವರ್ಷಗಳ ಅನುಭವ ಎಂಬ ಮಾತು. ನಮ್ಮ ಹಿರಿಯರು ಮೈಗೆ ಹಚ್ಚಿದ ತೈಲಗಳಲ್ಲಿ ಬಹುಪಾಲು, ಎಳ್ಳೆಣ್ಣೆಯಲ್ಲಿ ಮೂಲಿಕೆಗಳನ್ನು ಕಾಯಿಸಿ ಇಳಿಸಿದವು; ಎದೆಗೆ ಹಚ್ಚಿದ ಗಂಧ ಕಲ್ಲಿನ ಮೇಲೆ ತೇಯ್ದದ್ದು; ನೆಗಡಿಗೆ ಹಿಂಡಿದ್ದು ದೊಡ್ಡಪತ್ರೆಯ ರಸ. ಅತ್ತರನ್ನು ಬಟ್ಟಿ ಇಳಿಸುವ ಕಲೆ ಇಲ್ಲಿ ಹಳೆಯದೇ. ಕನೌಜಿನ ತಾಮ್ರದ ಹಂಡೆಗಳು ಇಂದಿಗೂ ಉರಿಯುತ್ತಿವೆ. ಆದರೆ ಅತ್ತರನ್ನು ಕಿವಿಯ ಮಡಿಕೆಯಲ್ಲಿ ಹತ್ತಿಯ ಎಳೆಯಷ್ಟು ಇಟ್ಟರೇ ವಿನಾ ಚಮಚದಲ್ಲಿ ಕುಡಿಯಲಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಸಾರತೈಲದ ವಿಷಯದಲ್ಲಿ ತೊಡಕಿರುವುದು, ನಮ್ಮ ಕಣ್ಣಿಗೆ ತೀರಾ ಕಡಿಮೆಯೆಂದು ಕಾಣುವ ಪ್ರಮಾಣವೇ ಆಗಲೇ ಅತಿಯಾಗಿರುತ್ತದೆ ಎಂಬಲ್ಲಿ.

ಇದಕ್ಕೆ ನಮ್ಮ ಮನೆಗಳಲ್ಲೇ ಇರುವ ಎರಡು ವಸ್ತುಗಳನ್ನು ಮುಂದಿಡುತ್ತೇನೆ: ಕರ್ಪೂರ ಮತ್ತು ನೀಲಗಿರಿ ಎಣ್ಣೆ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಹಾಕಿ ಬಿಸಿಮಾಡಿ ಮಗುವಿನ ಎದೆಗೆ, ಬೆನ್ನಿಗೆ ತಿಕ್ಕುವುದು ಕರ್ನಾಟಕದ ಉದ್ದಗಲಕ್ಕೂ ನಡೆಯುವ ಮನೆಮದ್ದು. ಕರ್ಪೂರ ನರಗಳನ್ನು ಕೆರಳಿಸುವ ವಸ್ತು. ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ. ಹೊಟ್ಟೆಗೆ ಹೋದರೆ ನಿಮಿಷಗಳಲ್ಲಿ ಮಗುವಿಗೆ ಸೆಳೆತ ಬರಬಹುದು. ಒಂದೇ ಗ್ರಾಂ ಕರ್ಪೂರದಿಂದ ಪುಟ್ಟ ಮಗು ತೀರಿಕೊಂಡ ದಾಖಲೆ ವೈದ್ಯಕೀಯ ಸಾಹಿತ್ಯದಲ್ಲಿದೆ. ಈ ಕಾರಣಕ್ಕೇ ಅಮೆರಿಕದಲ್ಲಿ ಅಂಗಡಿಯಲ್ಲಿ ಮಾರುವ ಮುಲಾಮುಗಳಲ್ಲಿ ಕರ್ಪೂರ 11 ಶೇಕಡಾ ಮೀರಬಾರದೆಂಬ ಮಿತಿಯಿದೆ. ಪೂಜೆಯ ಬಿಲ್ಲೆಗೆ ಅಂಥ ಮಿತಿ ಎಲ್ಲಿಯದು? ಅದು ಉರಿಸಲು ಮಾಡಿದ್ದು, ಹೆಚ್ಚಾಗಿ ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಬಿಳಿಯ ಸಕ್ಕರೆಮಿಠಾಯಿಯಂತೆ ಕಾಣುವ ಆ ಬಿಲ್ಲೆ ದೇವರ ಮನೆಯ ಕೆಳಗಿನ ತಟ್ಟೆಯಲ್ಲಿ, ತೆವಳುವ ಮಗುವಿನ ಕೈಗೆಟುಕುವಂತೆ ಇರುತ್ತದೆ. ನೀಲಗಿರಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಸಿನಿಯೋಲ್ ಎಂಬ ವಸ್ತು; ಕೆಲವೇ ಮಿಲಿಲೀಟರ್ ನುಂಗಿದ ಮಕ್ಕಳು ಪ್ರಜ್ಞೆ ತಪ್ಪಿದ್ದಾರೆ, ಸೆಳೆತಕ್ಕೆ ಸಿಕ್ಕಿದ್ದಾರೆ.

ದೊಡ್ಡವರ ವಿಷಯವೂ ನಿರಾತಂಕವೇನಲ್ಲ ಎಂದು ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರ ಮುಂದಾಳುತನದಲ್ಲಿ ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ. ಮೊದಲ ಬಾರಿ ಫಿಟ್ಸ್ ಬಂದವರು, ಹತೋಟಿಯಲ್ಲಿದ್ದ ಫಿಟ್ಸ್ ಮತ್ತೆ ಕಾಣಿಸಿಕೊಂಡವರು ಸೇರಿ 350 ಮಂದಿಯನ್ನು ವಿಚಾರಿಸಿದಾಗ, 55 ಮಂದಿಯಲ್ಲಿ ಸಾರತೈಲದ ನಂಟು ಕಂಡಿತು. ಎಲ್ಲೋ ದೂರದ ಸ್ಪಾಗಳ ಎಣ್ಣೆಯಲ್ಲ. ನೀಲಗಿರಿ ಮತ್ತು ಕರ್ಪೂರವಿರುವ ಮುಲಾಮು, ಎಣ್ಣೆ, ಹಲ್ಲುಜ್ಜುವ ಪೇಸ್ಟುಗಳಂಥವು. ಈ ಅಧ್ಯಯನವನ್ನು ಅಳತೆಮೀರಿ ಎಳೆಯುವುದು ಸರಿಯಲ್ಲ. ಮುಲಾಮು ಹಚ್ಚಿಯೂ ಫಿಟ್ಸ್ ಬಾರದ ಲಕ್ಷಾಂತರ ಮಂದಿ ಇದ್ದಾರೆ. ಇಂಥ ಬಳಕೆ ಮನೆಮನೆಯಲ್ಲೂ ಇರುವಾಗ ಕೆಲವು ಕಡೆ ಎರಡೂ ಕಾಕತಾಳೀಯವಾಗಿ ಕೂಡಿರಬಹುದು. ಆದರೆ ಪ್ರಯೋಗಾಲಯದಲ್ಲಿ ಇದೇ ವಸ್ತುಗಳು ನರಗಳನ್ನು ಕೆರಳಿಸುವುದು ಗೊತ್ತಿದೆ, ಮಕ್ಕಳಲ್ಲಿ ಇವೇ ಸೆಳೆತ ತರುವುದು ದಾಖಲಾಗಿದೆ. ಮೂರು ಕಡೆಯಿಂದ ಬಂದ ಸುಳಿವು ಒಂದೇ ದಿಕ್ಕಿಗೆ ಬೆರಳು ತೋರಿಸುವಾಗ, ಮೂರ್ಛೆರೋಗದ ಹಿನ್ನೆಲೆ ಇರುವವರು ಈ ಎರಡು ವಸ್ತುಗಳಿಂದ ದೂರವಿರಬೇಕೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಮುಲಾಮು ಬಿಟ್ಟರೆ ಆಗುವ ನಷ್ಟ ಏನು? ಹೆಚ್ಚೆಂದರೆ ಒಂದೆರಡು ದಿನ ಮೂಗು ಕಟ್ಟಿರುತ್ತದೆ.

ನೀಲಗಿರಿ ಬೆಟ್ಟಗಳಲ್ಲೇ ಸಿಗುವ ವಿಂಟರ್‌ಗ್ರೀನ್ ಎಣ್ಣೆಯದು ಇನ್ನೊಂದು ಕಥೆ. ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಮೀಥೈಲ್ ಸ್ಯಾಲಿಸಿಲೇಟ್. ಆಸ್ಪಿರಿನ್‌ನ ಹತ್ತಿರದ ಸಂಬಂಧಿ. ಒಂದು ಟೀ ಚಮಚ, ಎಂದರೆ 5 ಮಿಲಿಲೀಟರಿನಲ್ಲಿ, ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮನಾದ ಪ್ರಮಾಣವಿರುತ್ತದೆ. ಇಪ್ಪತ್ತಕ್ಕೂ ಹೆಚ್ಚು ಮಾತ್ರೆ! ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ಮಂಡಿನೋವಿಗೆ ಇದನ್ನು ಧಾರಾಳವಾಗಿ ತಿಕ್ಕಿಕೊಂಡು ರಕ್ತಸ್ರಾವಕ್ಕೆ ಒಳಗಾದ ವರದಿಗಳಿವೆ. ಹಿಂಡಿ ತೆಗೆದ ನಿಂಬೆ, ಬರ್ಗಮಾಟ್ ಎಣ್ಣೆಗಳನ್ನು ಚರ್ಮಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಬೊಬ್ಬೆಯೆದ್ದು ತಿಂಗಳುಗಟ್ಟಲೆ ಕಪ್ಪುಕಲೆ ಉಳಿಯುತ್ತದೆ. ಅವುಗಳಲ್ಲಿರುವ ಫ್ಯುರೊಕೌಮರಿನ್‌ಗಳು ಬೆಳಕಿನೊಡನೆ ಕೂಡಿ ಮಾಡುವ ಕೆಲಸ ಅದು. ಲ್ಯಾವೆಂಡರಿನ ಲಿನಾಲೂಲ್, ಕಿತ್ತಳೆಯ ಲಿಮೊನೀನ್ ಹೊಸದಾಗಿದ್ದಾಗ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಮುಚ್ಚಳ ತೆರೆದು ಗಾಳಿಯಾಡಿ ಹಳೆಯದಾದಂತೆ ಅವು ಅಲರ್ಜಿ ತರುವ ವಸ್ತುಗಳಾಗಿ ಮಾರ್ಪಡುತ್ತವೆ. ಒಮ್ಮೆ ಆ ಅಲರ್ಜಿ ಅಂಟಿತೆಂದರೆ ಸಾಬೂನು, ಶಾಂಪೂ, ಪೌಡರುಗಳಲ್ಲೂ ಅದೇ ವಸ್ತು ಬೆನ್ನು ಹತ್ತುತ್ತದೆ. ಹಳೆಯದಾದಷ್ಟೂ ಗುಣ ಹೆಚ್ಚು ಎಂಬ ನಮ್ಮ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಈ ಎಣ್ಣೆಗಳು ಕ್ರಿಮಿನಾಶಕ, ಆದ್ದರಿಂದ ಇವು ಇರುವೆಡೆ ಸೋಂಕಿಲ್ಲ ಎನ್ನುವ ವಿಶ್ವಾಸಕ್ಕೂ 2021ರಲ್ಲಿ ದುಃಖದ ಉತ್ತರ ಸಿಕ್ಕಿತು. ಅಮೆರಿಕದ ನಾಲ್ಕು ಬೇರೆ ಬೇರೆ ರಾಜ್ಯಗಳಲ್ಲಿ, ಹೊರದೇಶಕ್ಕೆ ಹೋಗಿಯೇ ಇರದ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಎಂಬ ಉಷ್ಣವಲಯದ ರೋಗ ಬಂತು. ಇಬ್ಬರು ತೀರಿಕೊಂಡರು, ಅವರಲ್ಲೊಂದು ಮಗು. ತನಿಖೆ ಕೊನೆಗೆ ತಲುಪಿದ್ದು ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ಹೆಸರಿನ ಒಂದು ಅರೋಮಾಥೆರಪಿ ಕೋಣೆ ಸಿಂಪಡಣೆಯನ್ನು. ಅದು ತಯಾರಾದದ್ದು ಭಾರತದಲ್ಲಿ. ಮಳೆಗಾಲದ ಮಣ್ಣುನೀರಿನಲ್ಲಿ ಬದುಕುವ ಆ ಬ್ಯಾಕ್ಟೀರಿಯ ನಮ್ಮ ಕರಾವಳಿಗೂ ಅಪರಿಚಿತವಲ್ಲ. ಉಡುಪಿ, ಮಣಿಪಾಲದ ವೈದ್ಯರು ಈ ರೋಗವನ್ನು ಚೆನ್ನಾಗಿ ಬಲ್ಲರು. ಗಾಢವಾದ ಎಣ್ಣೆಯಲ್ಲಿ ಸಾಯುವ ಸೂಕ್ಷ್ಮಾಣು, ನಾಲ್ಕು ಹನಿ ಬೆರೆಸಿದ ನೀರಿನಲ್ಲಿ ಬದುಕಬಲ್ಲದು. ಮನೆಯಲ್ಲಿ ನೀರಿಗೆ ಎಣ್ಣೆ ಕಲಸಿ ವಾರಗಟ್ಟಲೆ ಇಟ್ಟು ಸಿಂಪಡಿಸುವವರು ಇದನ್ನು ನೆನಪಿಡಬೇಕು. ಅಳತೆ ಹೆಚ್ಚಾದರೆ ಮಾತ್ರ ಅಪಾಯ ಎಂದು ನಾನು ಹೇಳಿದಂತೆ ತೋರಿದ್ದರೆ, ಇಲ್ಲಿ ಅಪಾಯ ಬಂದದ್ದು ಕಡಿಮೆಯಾದ ಕಡೆಯಿಂದ.

ಇಷ್ಟೆಲ್ಲ ಕೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ನಾನು ಹಗುರವಾಗಿ ಕಾಣಲಾರೆ. ಇಂಗ್ಲಿಷ್ ಔಷಧಗಳ ಅಡ್ಡಪರಿಣಾಮಗಳ ಮುಂದೆ ಇವೆಲ್ಲ ಎಷ್ಟರವು? ಜೀವನದ ಕೊನೆಯ ದಿನಗಳಲ್ಲಿರುವ ಕ್ಯಾನ್ಸರ್ ರೋಗಿಯ ಕಾಲನ್ನು ಲ್ಯಾವೆಂಡರ್ ಬೆರೆತ ಎಣ್ಣೆಯಿಂದ ಯಾರೋ ನೀವುತ್ತಾರೆ, ಆಕೆಗೆ ಹಿತವೆನಿಸುತ್ತದೆ. ಅಲ್ಲಿ ಪುರಾವೆ ಕೇಳುವುದು ಕ್ರೌರ್ಯವಲ್ಲವೇ? ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆ ಹಿತದಲ್ಲಿ ಎಣ್ಣೆಯ ಪಾಲೆಷ್ಟು, ನೀವುವ ಕೈಯ ಪಾಲೆಷ್ಟು ಎಂದು ಬೇರ್ಪಡಿಸಬೇಕಾದ ತುರ್ತು ಯಾರಿಗೂ ಇಲ್ಲ. ಆಕೆಗೆ ಅದು ಕ್ಯಾನ್ಸರನ್ನು ಕರಗಿಸುತ್ತದೆ ಎಂದು ಹೇಳಿದ ಕ್ಷಣವೇ ಮಾತು ಬೇರೆಯಾಗುತ್ತದೆ. ಮೊದಲನೆಯ ಮಾತಿಗೆ ನನ್ನ ಉತ್ತರ ಇಷ್ಟು: ಮಾತ್ರೆಯ ಪೊಟ್ಟಣದ ಮೇಲೆ ಪ್ರಮಾಣ, ಅಡ್ಡಪರಿಣಾಮ, ಯಾರು ತೆಗೆದುಕೊಳ್ಳಬಾರದು ಎಂಬುದು ಅಚ್ಚಾಗಿರುತ್ತದೆ, ತೊಂದರೆಯಾದರೆ ವರದಿಮಾಡುವ ವ್ಯವಸ್ಥೆಯಿದೆ. ಅಡ್ಡಪರಿಣಾಮಗಳ ಉದ್ದದ ಪಟ್ಟಿ ಕಾಣುವುದು ಯಾರೋ ಕೂತು ಎಣಿಸಿದ್ದರಿಂದ. ಸಾರತೈಲದ ಸೀಸೆಯ ಮೇಲೆ ಆ ಪಟ್ಟಿ ಇಲ್ಲದಿರುವುದು ಎಣಿಸುವವರಿಲ್ಲದ್ದರಿಂದ.

ಬಳಸುವ ಮನಸ್ಸಿದ್ದವರು ಹೇಗೆ ಬಳಸಬೇಕು? ಲೆಕ್ಕ ಸುಲಭ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ; 30 ಮಿಲಿಲೀಟರ್ ಕೊಬ್ಬರಿ ಅಥವಾ ಎಳ್ಳೆಣ್ಣೆಗೆ 12 ಹನಿ ಬೆರೆಸಿದರೆ 2 ಶೇಕಡಾ. ಆರೋಗ್ಯವಂತ ವಯಸ್ಕರ ಮೈಗೆ ಅಷ್ಟು ಸಾಕು. ಮುಖಕ್ಕೆ, ವಯಸ್ಸಾದವರಿಗೆ ಅದರ ಅರ್ಧ. ಲವಂಗ, ದಾಲ್ಚಿನ್ನಿ ತೊಗಟೆಯಂಥ ಉರಿ ಎಣ್ಣೆಗಳಿಗೆ ಅದಕ್ಕಿಂತಲೂ ಕಡಿಮೆ. ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾಯುವುದು ಒಳ್ಳೆಯದು. ಸ್ನಾನದ ನೀರಿಗೆ ನೇರವಾಗಿ ಹನಿಸಿದರೆ ಎಣ್ಣೆ ಕರಗದೆ ತೇಲಿ ಚರ್ಮಕ್ಕೆ ಗಾಢವಾಗಿಯೇ ಅಂಟುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇವು ಬೇಡವೇ ಬೇಡ. ಕರ್ಪೂರ, ಮೆಂಥಾಲ್, ನೀಲಗಿರಿಗಳನ್ನು ಅವರ ಮೂಗಿನ ಬಳಿ ತಂದರೆ ಉಸಿರೇ ತಡೆದುಬಿಡಬಹುದು. ಗರ್ಭಿಣಿಯರು, ಆಸ್ತಮಾ ಇರುವವರು ವೈದ್ಯರನ್ನು ಕೇಳಬೇಕು. ಕೋಣೆಯಲ್ಲಿ ಹರಡುವುದಾದರೆ ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಸಾಕು. ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ ಎಣ್ಣೆಯನ್ನು ಅದರ ಮೈಗೆ ಸೋಕಿಸಬಾರದು, ಬೆಕ್ಕಿನ ಯಕೃತ್ತಿಗೆ ಇದನ್ನು ನಿಭಾಯಿಸುವ ಶಕ್ತಿಯಿಲ್ಲ. ಯಾರಾದರೂ ನುಂಗಿಬಿಟ್ಟರೆ ಎಲ್ಲರೂ ಮೊದಲು ಮಾಡುವ ತಪ್ಪು ವಾಂತಿ ಮಾಡಿಸುವುದು. ಹಾಗೆ ಮಾಡಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಇನ್ನೂ ದೊಡ್ಡ ಅನಾಹುತವಾಗುತ್ತದೆ. ವಾಂತಿ ಮಾಡಿಸದೆ, ಸೀಸೆಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು.

ಸೀಸೆಯ ಮೇಲೆ ಏನಿರಬೇಕು ಎಂಬ ವಿಷಯದಲ್ಲಿ ಕರ್ನಾಟಕಕ್ಕೆ ಮಾತನಾಡುವ ವಿಶೇಷ ಹಕ್ಕಿದೆ. ಶ್ರೀಗಂಧದೆಣ್ಣೆಗೆ ಅಂತರರಾಷ್ಟ್ರೀಯ ಮಾನದಂಡವಿದೆ: ಆಲ್ಫಾ ಸ್ಯಾಂಟಲಾಲ್ 41ರಿಂದ 55 ಶೇಕಡಾ, ಬೀಟಾ ಸ್ಯಾಂಟಲಾಲ್ 16ರಿಂದ 24 ಶೇಕಡಾ. ಇಂಥ ಸಂಖ್ಯೆಗಳು ಶುದ್ಧತೆಯನ್ನು ಅಳೆಯುತ್ತವೆ. ‘ಚಿಕಿತ್ಸಾ ದರ್ಜೆ’ ಎಂಬ ಮುದ್ರೆಯನ್ನಾದರೋ ಯಾವ ಸರ್ಕಾರಿ ಸಂಸ್ಥೆಯೂ ಕೊಡುವುದಿಲ್ಲ, ಅದು ಮಾರುವವರು ತಾವೇ ಒತ್ತಿಕೊಂಡದ್ದು. ಲ್ಯಾವೆಂಡರ್ ಎಂಬ ಒಂದೇ ಹೆಸರಿನಲ್ಲಿ ಕರ್ಪೂರದ ಅಂಶ ತೀರಾ ಕಡಿಮೆಯಿರುವ ಜಾತಿಯೂ ಇದೆ, 10 ಶೇಕಡಾ ಮೀರುವ ಜಾತಿಯೂ ಇದೆ. ಆದ್ದರಿಂದ ಗಿಡದ ಶಾಸ್ತ್ರೀಯ ಹೆಸರು, ಯಾವ ಭಾಗದಿಂದ ತೆಗೆದದ್ದು, ಬಟ್ಟಿ ಇಳಿಸಿದ ತಿಂಗಳು, ‘ನುಂಗಬಾರದು’ ಎಂಬ ಮಾತು, ಮಕ್ಕಳು ತೆರೆಯಲಾಗದ ಮುಚ್ಚಳ, ಇವು ಇರಲೇಬೇಕು, ಅದೂ ಕನ್ನಡದಲ್ಲಿ. 2014ರಲ್ಲಿ ಎಬೋಲಾ ಹಬ್ಬಿದಾಗ ತಮ್ಮ ಎಣ್ಣೆ ಅದಕ್ಕೂ ಮದ್ದೆಂದು ಹಬ್ಬಿಸಿದ ಕಂಪನಿಗಳಿಗೆ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಪತ್ರ ಕಳುಹಿಸಿದರು. ನಮ್ಮಲ್ಲಿ ಇಂಥ ಜಾಹೀರಾತುಗಳನ್ನು ತಡೆಯಲು 1954ರಿಂದಲೇ ಕಾಯ್ದೆಯಿದೆ. ಹೊಸದು ಬೇಕಿಲ್ಲ, ಇರುವುದನ್ನು ಎತ್ತಿಕೊಳ್ಳಬೇಕು. ಗಂಧ, ದವನ, ಮಜ್ಜಿಗೆಹುಲ್ಲು ಬೆಳೆಯುವ ರೈತನಿಗೆ ಇದರಿಂದ ಕೆಡುಕಾಗುತ್ತದೆಯೇ? ದವನದ ಎಣ್ಣೆಯನ್ನು ಲೋಕಕ್ಕೆ ಒದಗಿಸುವುದು ದಕ್ಷಿಣ ಭಾರತ. ಅದನ್ನು ಕೊಳ್ಳುವ ಅತ್ತರು ತಯಾರಕರು ನೋಡುವುದು ವಾಸನೆಯನ್ನು, ಶುದ್ಧತೆಯನ್ನು. ಸುಳ್ಳು ಭರವಸೆ ಕಳಚಿದರೆ ಆ ಬೇಡಿಕೆಗೆ ಏನೂ ಆಗುವುದಿಲ್ಲ.

ಕೊನೆಯದಾಗಿ ನಮ್ಮ ವೈದ್ಯರಲ್ಲಿ ಒಂದು ಕೋರಿಕೆ. ಫಿಟ್ಸ್ ಬಂದವರನ್ನು, ಕಾರಣ ತಿಳಿಯದ ತುರಿಕೆಯವರನ್ನು, ರಕ್ತ ತೆಳುಮಾಡುವ ಮಾತ್ರೆಯಲ್ಲಿರುವವರನ್ನು ನೀವು ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ, ಅವರು ಮುಲಾಮಿನ ಹೆಸರು ಹೇಳುವುದಿಲ್ಲ. ಅವರ ಲೆಕ್ಕದಲ್ಲಿ ಅದು ಔಷಧವೇ ಅಲ್ಲ, ಬರಿಯ ಎಣ್ಣೆ. ಆದ್ದರಿಂದ ಪ್ರಶ್ನೆಯನ್ನು ಬದಲಿಸಬೇಕು. ತಲೆಗೆ ಏನು ಹಚ್ಚುತ್ತೀರಿ, ಎದೆಗೆ ಏನು ತಿಕ್ಕುತ್ತೀರಿ, ಬಿಸಿನೀರಿಗೆ ಏನು ಹನಿಸಿ ಹಬೆ ತೆಗೆದುಕೊಳ್ಳುತ್ತೀರಿ, ಹಲ್ಲು ಯಾವುದರಿಂದ ಉಜ್ಜುತ್ತೀರಿ, ಮಗು ಮಲಗುವ ಕೋಣೆಯಲ್ಲಿ ಏನು ಉರಿಯುತ್ತದೆ ಎಂದು ಒಂದೊಂದಾಗಿ ಕೇಳಿ, ಬಂದ ಉತ್ತರವನ್ನು ರೋಗಿಯ ಚೀಟಿಯಲ್ಲಿ ಉಳಿದ ಔಷಧಗಳ ಸಾಲಿನಲ್ಲೇ ಬರೆದುಕೊಳ್ಳಬೇಕು.